ಎರಡು ಹಿಡಿ ಎಳ್ಳು

ಊಟದ ಮನೆಯಲ್ಲಿ ಕರಿಹಲಗೆಯ ಎದುರಿನ ಮೇಜೇ ಬೇಕು ಅಂತ ಅತ್ತೆ ಹಟ ಹಿಡಿದರು. ಅಲ್ಲಿ ಆಗಲೇ ಕೂತಿದ್ದ ಗಡಿಯಾರ ರಿಪೇರಿಯವನನ್ನು ನಯವಾಗಿ ಮಾತಾಡಿಸಿ ಪಕ್ಕದ ಮೇಜಿಗೆ ಸಾಗಹಾಕಿದರು. ಹಲಗೆಯ ಮೇಲೆ ಸೀಮೆಸುಣ್ಣದ ದುಂಡಕ್ಷರದಲ್ಲಿ ಬರೆದಿತ್ತು: 'ಇಂದು ಮೂರನೇ ಬೀದಿ ದೊಡ್ಡಮ್ಮನ ಎಳ್ಳಿನ ಸಾರು.'

"ಇನ್ನೊಂದ್ಸಲ ಓದು," ಅಂದರು.

ಸೊಸೆ ಮೂರನೇ ಸಲ ಓದಿದಳು. ಅತ್ತೆಗೆ ಓದಲು ಬಾರದು ಅಂತಲ್ಲ, ಬೇರೆಯವರ ಬಾಯಲ್ಲಿ ಕೇಳಬೇಕಿತ್ತು ಅಷ್ಟೆ.

ಇಡೀ ಬೀದಿ ಅವರನ್ನು ದೊಡ್ಡಮ್ಮ ಅಂತಲೇ ಕರೆಯುತ್ತದೆ. ಆಳು ನೋಡಿದರೆ ಗೇಣುದ್ದ. ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ತಾಗುವುದಿಲ್ಲ. ಇವತ್ತಂತೂ ಆ ಕಾಲುಗಳು ರಜೆ ಸಿಕ್ಕ ಮಕ್ಕಳ ಹಾಗೆ ಒಂದೇ ಸಮನೆ ತೂಗಾಡುತ್ತಿದ್ದವು.

ಈ ಊಟದ ಮನೆಯಲ್ಲಿ ಸಿಗುವುದೆಲ್ಲ ಹಳೆಯ ಕಾಲದ ಸಸ್ಯಾಹಾರಿ ಅಡುಗೆ. ವಾರಕ್ಕೊಂದು ದಿನ ಯಾವುದಾದರೂ ಒಂದು ಮನೆಯಿಂದ ಅಳತೆ ತರಿಸಿಕೊಂಡು, ಆ ಮನೆಯ ಅಡುಗೆ ಮಾಡಿ ಬಡಿಸುತ್ತಾರೆ. ಮಧ್ಯಾಹ್ನ ಎರಡು ಗಂಟೆಯೊಳಗೆ ಕೊಪ್ಪರಿಗೆ ಬರಿದಾದರೆ ಹೆಸರಿನ ಸಮೇತ ಅದನ್ನು ಗೋಡೆಯ ಖಾಯಂ ಪಟ್ಟಿಯಲ್ಲಿ ಬಣ್ಣದಿಂದ ಬರೆಸುತ್ತಾರೆ. ಉಳಿದರೆ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಬಿಡುತ್ತಾರೆ. ಅತ್ತೆ ಹದಿನೈದು ದಿನದಿಂದ ಬೀದಿಗೆಲ್ಲ ಸಾರಿಕೊಂಡು ಬಂದಿದ್ದರು. ಹಾಲಿನವನಿಗೆ ಎರಡೆರಡು ಸಲ.

ಅಳತೆ ಬರೆದುಕೊಟ್ಟವಳು ಸೊಸೆ. ಔಷಧಿ ಅಂಗಡಿಯಲ್ಲಿ ಪುಡಿ ತೂಗಿ ಪೊಟ್ಟಣ ಕಟ್ಟುವ ಕೆಲಸ ಅವಳದು. ತೂಕ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮನಸ್ಸು ಕೊರೆಯುತ್ತದೆ. ಅತ್ತೆಗಾದರೋ ಬೇಳೆಗೊಂದು ಡಬ್ಬಿ, ನೀರಿಗೊಂದು ಚೊಂಬು, ಉಳಿದದ್ದಕ್ಕೆಲ್ಲ ಹಿಡಿ. ಎಳ್ಳು ಎರಡು ಹಿಡಿ, ಹುಣಸೆ ಅರ್ಧ ಹಿಡಿ. ಅವಳು ಅದನ್ನೆಲ್ಲ ಗ್ರಾಂ ಮಾಡಿ, ನೂರು ಜನಕ್ಕೆ ಗುಣಿಸಿ, ಮೂರು ಸಲ ತಾಳೆ ನೋಡಿ, ಶುದ್ಧ ಪ್ರತಿ ತೆಗೆದುಕೊಟ್ಟಿದ್ದಳು. ಆ ಲೆಕ್ಕದಲ್ಲಿ ಒಮ್ಮೆ ಬೇಯಿಸಿ ನೋಡಬೇಕು ಅಂತ ಮಾತ್ರ ಹೊಳೆದಿರಲಿಲ್ಲ.

ಅತ್ತೆ ನೀರಿನ ಲೋಟಕ್ಕೆ ಕೈ ಚಾಚಿದರು. ಮೇಜಿನ ಮೇಲೆ ಸೊಸೆಯ ಕೈಯೂ ಇತ್ತು. ಎರಡೂ ಅಕ್ಕಪಕ್ಕ ಬಂದಾಗ ಸೊಸೆ ಅವನ್ನು ಅಳೆಯುವಂತೆ ನೋಡಿದಳು.

ಅಳತೆ ಬರೆದ ಸಂಜೆ ಅತ್ತೆ ಹಿಟ್ಟು ನಾದುತ್ತಿದ್ದರು. ಇವಳು ತಕ್ಕಡಿ ಮುಂದಿಟ್ಟುಕೊಂಡು ಕರೆದರೆ, ನಿನ್ನ ಕೈಗೇನು ಬಂದಿದೆ, ನೀನೇ ಹಿಡಿ ತಗೋ ಅಂದಿದ್ದರು. ತೆಗೆದುಕೊಂಡಿದ್ದಳು. ಮೂರು ಸಲ ತೂಗಿ ಸರಾಸರಿಯನ್ನೂ ತೆಗೆದಿದ್ದಳು. ಮದುವೆಯಾಗಿ ಬಂದ ವಾರದಲ್ಲೇ ಇದೇ ಅತ್ತೆ ಈ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೇನು ಕೈಯೋ ಮೊರವೋ? ನಮ್ಮತ್ತೆದೂ ಹೀಗೇ ಇತ್ತು. ಒಂದೇ ಕೈಯಲ್ಲಿ ನನ್ನ ಎರಡೂ ಕೈ ಹಿಡಿದು ಅಡುಗೆಮನೆಯಿಂದ ಆಚೆ ಹಾಕ್ತಿದ್ರು," ಅಂತ ನಕ್ಕಿದ್ದರು.

ತನ್ನ ಒಂದು ಹಿಡಿಯೆಂದರೆ ಅತ್ತೆಯ ಹತ್ತಿರ ಹತ್ತಿರ ಎರಡು ಹಿಡಿ. ಬೇಳೆ ಇದ್ದಷ್ಟೇ, ಎಳ್ಳು ಇಮ್ಮಡಿ. ಸಾರು ಕಹಿಯಾಗದೆ ಇದ್ದೀತೆ?

ಕೈ ತೊಳೆದು ಬರುತ್ತೇನೆಂದು ಎದ್ದವಳು ನೇರ ಅಡುಗೆಮನೆಗೆ ನುಗ್ಗಿದಳು. ಅವಳ ಚೀಟಿ ಒಲೆಯ ಮೇಲಿನ ಗೋಡೆಗೆ ಅಂಟಿಕೊಂಡಿತ್ತು. ಅಡುಗೆಯವನು ಅವಳು ತಡವರಿಸಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

"ನಂಗೂ ಅನುಮಾನ ಬಂತು ಅಕ್ಕ. ಆದ್ರೆ ಇಷ್ಟು ಮುದ್ದಾಗಿ ಬರೆದವರು ತಪ್ಪು ಮಾಡ್ತಾರಾ ಅಂತ ಹಾಗೇ ಹಾಕ್ಬಿಟ್ಟೆ."

ಇನ್ನಷ್ಟು ಬೇಳೆ ಸೇರಿಸಲಾಗದೇ ಅಂತ ಕೇಳಿದಳು. ಅವನು ಗದ್ದವೆತ್ತಿ ಬಾಗಿಲ ಕಡೆ ತೋರಿಸಿದ. ಮೊದಲ ಬಕೆಟ್ಟು ಆಗಲೇ ಹೊರಗೆ ಹೋಗಿತ್ತು.

ಅವಳು ಮೇಜು ಮುಟ್ಟುವಷ್ಟರಲ್ಲಿ ಅತ್ತೆ ಅನ್ನಕ್ಕೆ ಸಾರು ಕಲಸಿ ಮೊದಲ ತುತ್ತು ಬಾಯಿಗಿಟ್ಟಾಗಿತ್ತು.

ತೂಗಾಡುತ್ತಿದ್ದ ಕಾಲುಗಳು ನಿಂತವು.

ಸೊಸೆ ಕೂರಲೂ ಇಲ್ಲ. ಅತ್ತೆ ಎರಡನೇ ತುತ್ತು ತಿಂದರು. ಬಹಳ ಹೊತ್ತು ಅಗಿದರು, ಅಗಿಯಲು ಅದರಲ್ಲೇನೂ ಇಲ್ಲದಿದ್ದರೂ.

"ಇದು ನನ್ನ ಸಾರಲ್ಲ."

"ಗೊತ್ತು ಅತ್ತೆ, ತಪ್ಪು ನಂದೇ. ನನ್ನ ಕೈಯಲ್ಲಿ ಅಳೆದ್ಬಿಟ್ಟೆ. ನಿಮ್ಮ ಹೆಸರು ಹಾಕಿಸಿ ಹೀಗೆ..."

"ಸುಮ್ನೆ ಕೂತ್ಕೊ."

ಕೂತಳು. ಅತ್ತೆ ಮೂರನೇ ತುತ್ತನ್ನು ಕಣ್ಣು ಮುಚ್ಚಿಕೊಂಡು ತಿಂದರು.

"ನಮ್ಮತ್ತೆ ಸಾರು ಕಣೇ ಇದು," ಅಂದರು. ದನಿ ಯಾವುದೋ ಕೋಣೆಯ ಒಳಗಿನಿಂದ ಬಂದಂತಿತ್ತು. "ಒಳಗೆ ಬಿಡ್ತಿರ್ಲಿಲ್ಲ ನನ್ನ. ಬಾಗಿಲ ಸಂದಿಯಲ್ಲಿ ನಿಂತು ಎಷ್ಟು ಹಿಡಿ ಹಾಕ್ತಾರೆ ಅಂತ ಎಣಿಸಿ ಕಲ್ತೆ. ನಲವತ್ತು ವರ್ಷ ಅಷ್ಟೇ ಹಿಡಿ ಹಾಕ್ದೆ. ಒಂದು ದಿನಾನೂ ಅವರದ್ದರ ಹಾಗೆ ಬರ್ಲಿಲ್ಲ. ಏನೋ ಬಚ್ಚಿಟ್ಟು ಹೋದ್ರು ಅಂತ..." ಇನ್ನೊಂದು ತುತ್ತು ಕಲಸಿದರು.

ಸೊಸೆ ಹೆದರುತ್ತಲೇ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ಗಟ್ಟಿಯಾಗಿತ್ತು, ಘಮಘಮ ಅನ್ನುತ್ತಿತ್ತು. ನಾಲಿಗೆಯ ತುದಿಯಲ್ಲಿ ಎಲ್ಲೋ ಚೂರು ಕಹಿ ಇಣುಕಿ, ಇನ್ನೊಂದು ತುತ್ತು ಬೇಕು ಅನ್ನಿಸಿ ಹೋಗುತ್ತಿತ್ತು. ಪಕ್ಕದ ಮೇಜಿನ ಗಡಿಯಾರ ರಿಪೇರಿಯವನು ಬಡಿಸುವವನನ್ನು ಎರಡನೇ ಸಲ ಕರೆದ. ಅವನು ಬರುವಷ್ಟರಲ್ಲಿ ಕಿಟಕಿಯ ಬಳಿಯಿಂದ ಮತ್ಯಾರೋ ಕೈಯೆತ್ತಿದರು. ಬಕೆಟ್ಟು ಒಳಗೆ ಹೋಯಿತು, ಬಂತು, ಮತ್ತೆ ಹೋಯಿತು. ಸೊಸೆ ಗೋಡೆಯ ಗಡಿಯಾರವನ್ನೂ ಬಾಗಿಲನ್ನೂ ಸರದಿಯಲ್ಲಿ ನೋಡುತ್ತ ತನ್ನ ಅನ್ನ ಆರಿದ್ದನ್ನೇ ಮರೆತಳು.

ಒಂದೂ ಮುಕ್ಕಾಲಿಗೆ ಒಳಗಿನಿಂದ ಕರಕರ ಸದ್ದು ಕೇಳಿತು. ಕೊಪ್ಪರಿಗೆಯ ತಳಕ್ಕೆ ಸೌಟು ಉಜ್ಜುವ ಸದ್ದು. ಅಡುಗೆಯವನು ತಾನೇ ಹೊರಗೆ ಬಂದು ಕೊನೆಯ ಸೌಟನ್ನು ಅತ್ತೆಯ ತಟ್ಟೆಗೆ ಸುರಿದು, ಖಾಲಿ ಬಕೆಟ್ಟನ್ನು ಎಲ್ಲರಿಗೂ ಕಾಣುವ ಹಾಗೆ ಬೋರಲು ಹಿಡಿದು ತೋರಿಸಿದ. ಬಣ್ಣದಲ್ಲಿ ಬರೆಸಲು ಯಾವ ಹೆಸರು ಕೊಡಲಿ ಅಂತ ಅತ್ತೆಯನ್ನು ಕೇಳಿದ, ಹಲಗೆಯಲ್ಲಿದ್ದದ್ದೇ ತಾನೆ?

"ತಡಿಯಪ್ಪ," ಅಂದರು ಅತ್ತೆ. ಮೇಜಿನ ಕೆಳಗೆ ಸೊಸೆಯ ಎಡಗೈಯನ್ನು ಎಳೆದುಕೊಂಡು, ಬೆರಳು ಬಿಡಿಸಿ, ಆ ಅಂಗೈಯ ನಡುವೆ ತಮ್ಮ ಮುಷ್ಟಿಯನ್ನು ಇಟ್ಟು ನೋಡಿದರು. ಸುತ್ತಲೂ ಇನ್ನೂ ಜಾಗ ಉಳಿದಿತ್ತು.