ಕೊರೆದ ಕಾದಂಬರಿ

ಪುಸ್ತಕ ಹೊಲಿಯುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಕಾರ್ಖಾನೆ ಬಾಗಿಲು ಮುಚ್ಚಿದ ಮೇಲೆ ಅವಳು ಅಣ್ಣನ ರದ್ದಿ ಅಂಗಡಿಯ ಹಿಂದಿನ ಕೋಣೆ ಸೇರಿಕೊಂಡಳು. ಅಲ್ಲಿ ಹಳೇ ಪುಸ್ತಕಗಳಿಗೇನು ಬರ? ಕೈ ಸುಮ್ಮನಿರಲಿಲ್ಲ. ಒಂದು ಪುಸ್ತಕದ ಅಂಚುಗಳಿಗೆಲ್ಲ ಅಂಟು ಬಳಿದು ಇಟ್ಟಿಗೆಯ ಹಾಗೆ ಗಟ್ಟಿ ಮಾಡಿ, ಮೇಲಿನಿಂದ ಒಂದೊಂದೇ ಹಾಳೆಯನ್ನು ಸಣ್ಣ ಚಾಕುವಿನಿಂದ ಕೊರೆಯುತ್ತ ಇಳಿದಳು. ಒಳಗೊಂದು ಬೀದಿಯೇ ಎದ್ದು ನಿಂತಿತು, ಕಿಟಕಿ, ದೀಪದ ಕಂಬ, ನೆರಳು ಸಮೇತ. ನಾಲ್ಕು ಜನ ನೋಡಿ ಬಾಯಿ ಬಿಟ್ಟರು. ಹಾಗೆ ಅವಳು ಕಲಾವಿದೆಯಾದಳು.

“ಹೊಲಿದ ಕೈಯಲ್ಲೇ ಹೊಟ್ಟೆ ಬಗೀತಿದೀಯಲ್ಲೇ, ಪುಣ್ಯಾತ್ಗಿತ್ತಿ!” ಎಂದು ಅಣ್ಣ ಛೇಡಿಸುತ್ತಿದ್ದ.

“ಬಗೆದು ಒಳಗೇನಿದೆ ಅಂತ ತೋರಿಸ್ತೀನಿ, ಅಷ್ಟೇ” ಅನ್ನುತ್ತಿದ್ದಳು.

ಅವಳ ಮೊದಲ ಪ್ರದರ್ಶನದ ಮೂರನೇ ದಿನ, ಬಿಸಿಲು ತಾಳಲಾರದೆ ಒಬ್ಬರು ಮುದುಕರು ಮಗಳ ಕೈ ಹಿಡಿದು ಒಳಗೆ ಬಂದರು. ಮಗಳು ನರ್ಸ್, ಆಸ್ಪತ್ರೆಯ ಬಿಳಿ ಬಟ್ಟೆಯಲ್ಲೇ ಇದ್ದಳು. ಫ್ಯಾನಿನ ಕೆಳಗೆ ಐದು ನಿಮಿಷ ಕೂತು ಹೋಗೋಣವೆಂದು ಬಂದವರು. ಆದರೆ ಮುದುಕರು ಕೂರಲಿಲ್ಲ. ಕಂದು ರಟ್ಟಿನ ಒಂದು ದಪ್ಪ ಕಾದಂಬರಿಯ ಮುಂದೆ ನಿಂತವರು ನಿಂತೇ ಇದ್ದರು. ಸೂಜಿಯಕ್ಕ ಅದರೊಳಗೆ ಇನ್ನೂರು ಹಾಳೆ ಆಳಕ್ಕೆ ಇಳಿಯುವ ಮೆಟ್ಟಿಲು ಕೊರೆದಿದ್ದಳು. ತಳದಲ್ಲಿ ಒಂದೇ ಒಂದು ಖಾಲಿ ಕುರ್ಚಿ.

“ಇದನ್ನ ಮಾಡಿದೋರು ಯಾರಮ್ಮ?”

“ನಾನೇ ಸರ್.”

“ಓದಿದ್ರಾ, ಕೊರೆಯೋಕೆ ಮುಂಚೆ?”

ಹೂಂ ಅಂದುಬಿಡಬಹುದಿತ್ತು. ಯಾಕೋ ನಾಲಿಗೆ ಹೊರಳಲಿಲ್ಲ. “ಇಲ್ಲ ಸರ್” ಅಂದಳು.

“ಯಾರೂ ಓದಲಿಲ್ಲ ಬಿಡಿ” ಎಂದು ಮುದುಕರು ನಕ್ಕರು. “ಬರೆದೋನು ನಾನೇ.”

ಅವರು ಟೆಲಿಫೋನ್ ಆಪರೇಟರ್ ಆಗಿದ್ದವರು. ಒಂದು ಕರೆಗೂ ಇನ್ನೊಂದು ಕರೆಗೂ ನಡುವೆ ಸಿಕ್ಕ ಬಿಡುವಿನಲ್ಲಿ ಎಂಟು ವರ್ಷ ಕೂತು ಬರೆದ ಕಾದಂಬರಿ. ಜೀವಮಾನಕ್ಕೆ ಅದೊಂದೇ. ಕತ್ತರಿಸಿ ತೆಗೆದ ಚೂರುಗಳನ್ನಾದರೂ ಕೊಡುತ್ತೀರಾ ಎಂದು ಅವರು ಕೇಳಿದಾಗ ಸೂಜಿಯಕ್ಕ ಇದ್ದದ್ದನ್ನೇ ಹೇಳಿದಳು. ಚೂರುಗಳೆಲ್ಲ ಬಚ್ಚಲ ಒಲೆಗೆ ಹೋಗಿದ್ದವು.

“ನೀರಾದ್ರೂ ಕಾಯ್ತಲ್ಲ” ಅಂದರು ಮುದುಕರು.

ಹೊರಡುವಾಗ ಮಗಳು ಅವಳನ್ನು ಪಕ್ಕಕ್ಕೆ ಕರೆದಳು. “ಅಕ್ಕ, ಮನೆಯಲ್ಲಿ ಇನ್ನೊಂದು ಪ್ರತಿ ಇಲ್ಲ. ಮಾರಾಟವಾಗದೆ ಉಳಿದ ಕಟ್ಟುಗಳೆಲ್ಲ ಮಂಚದ ಕೆಳಗಿದ್ದವು. ಮನೆ ಬದಲಾಯಿಸುವಾಗ ನಾನೇ ರದ್ದಿಯವನನ್ನ ಕರೆದು ಎತ್ತಿಸಿಬಿಟ್ಟೆ. ಒಂದನ್ನ ಇಟ್ಕೋಬೇಕು ಅಂತ ಹೊಳೀಲೇ ಇಲ್ಲ. ಅಪ್ಪ ಕೇಳಿದಾಗೆಲ್ಲ ಅಟ್ಟದ ಮೇಲಿದೆ ಅಂತ ಹೇಳ್ತಾ ಬಂದಿದೀನಿ.”

ಸೂಜಿಯಕ್ಕ ಆ ಪುಸ್ತಕವನ್ನು ಯಾರಿಗೂ ಮಾರಲಿಲ್ಲ. ಅಣ್ಣ ಗೊತ್ತಿದ್ದ ಗುಜರಿಯವರಿಗೆಲ್ಲ ಫೋನ್ ಮಾಡಿದ. ಅವಳು ಗ್ರಂಥಾಲಯಗಳ ಮೆಟ್ಟಿಲು ಹತ್ತಿಳಿದಳು. ಎಲ್ಲೂ ಸುಳಿವಿಲ್ಲ. ಕಡೆಗೆ ಕೊರೆದ ಪುಸ್ತಕವನ್ನೇ ಚೀಲದಲ್ಲಿಟ್ಟುಕೊಂಡು, ಒಂದು ನೋಟ್‌ಬುಕ್ ಹಿಡಿದು, ಮುದುಕರ ಮನೆಗೆ ಹೋದಳು. ಮೆಟ್ಟಿಲ ಸುತ್ತ ಉಳಿದಿದ್ದ ಸಾಲುಗಳನ್ನು ಅವಳು ಓದಬೇಕು, ಇಲ್ಲದ್ದನ್ನು ಅವರು ನೆನಪಿನಿಂದ ಹೇಳಬೇಕು, ಅವಳು ಬರೆದುಕೊಳ್ಳಬೇಕು. ಹಾಗೆಂದು ಮಾತಾಯಿತು.

ಮೊದಲ ವಾರ ಮುದುಕರು ಹೇಳುವ ವೇಗಕ್ಕೆ ಅವಳ ಪೆನ್ನು ಏದುಸಿರು ಬಿಟ್ಟಿತು. ಗಂಡನ ಮನೆ ಬಿಟ್ಟು, ಒಂದು ಪೆಟ್ಟಿಗೆ ಹಿಡಿದು ಬಂದರಿನ ಊರಿಗೆ ಹೊರಟ ಹೆಂಗಸಿನ ಕಥೆ ಅದು. ಎರಡನೇ ವಾರ ಆ ಹೆಂಗಸು ಹೊರಡಲೇ ಇಲ್ಲ. ಬಾಗಿಲವರೆಗೆ ಬಂದು, ಪೆಟ್ಟಿಗೆ ಕೆಳಗಿಟ್ಟು, ಒಳಗೆ ಹೋಗಿ ಮಗುವಿಗೆ ತಲೆ ಬಾಚಿದಳು.

“ಮೊನ್ನೆ ಹೋದಳು ಅಂದ್ರಲ್ಲ ಸರ್?”

“ಹೋಗಲ್ಲ. ಹೋದ್ರೆ ಮಗೂನ ನೋಡ್ಕೊಳ್ಳೋರು ಯಾರು?”

ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಸೂಜಿಯಕ್ಕನನ್ನು ಗೇಟಿನ ತನಕ ಕಳಿಸಲು ಬಂದಾಗ, “ಅಮ್ಮ ಮನೆ ಬಿಟ್ಟು ಹೋದಾಗ ನನಗೆ ಆರು ವರ್ಷ ಅಕ್ಕ” ಎಂದಷ್ಟೇ ಹೇಳಿದಳು.

ಆಮೇಲೆ ಮುದುಕರಿಗೆ ಶುರುವಾಗಿದ್ದ ಮರೆವು ದಿನದಿನಕ್ಕೂ ಹೆಚ್ಚಿತು. ಸೂಜಿಯಕ್ಕ ಪುಸ್ತಕವನ್ನು ಚೀಲದಿಂದ ತೆಗೆದ ಕೂಡಲೇ ಮುದುಕರು ಹೌಹಾರುತ್ತಿದ್ದರು. “ಅಯ್ಯೋ, ಯಾರಮ್ಮ ಇದನ್ನ ಹೀಗೆ ಮಾಡಿದ್ದು?” ನಾನೇ ಸರ್, ಎಂದು ಅವಳು ದಿನಾ ಹೊಸದಾಗಿ ಒಪ್ಪಿಕೊಳ್ಳಬೇಕಿತ್ತು. ಒಂದು ದಿನ ಅವರು ನಕ್ಕುಬಿಡುತ್ತಿದ್ದರು. ಒಂದು ದಿನ ಗೋಡೆ ಕಡೆ ತಿರುಗಿ ಕೂತರೆ ಕಾಫಿಗೂ ಮುಖ ಎತ್ತುತ್ತಿರಲಿಲ್ಲ. ಮೂರನೇ ವಾರಕ್ಕೆ ಅವಳು ಆ ಮನೆಯ ಗೇಟಿನವರೆಗೆ ಬಂದು, ಬೀದಿಯಲ್ಲಿ ಇನ್ನೊಂದು ಸುತ್ತು ಹಾಕಿ ಒಳಗೆ ಹೋಗುತ್ತಿದ್ದಳು.

“ಗೆದ್ದಲು ತಿಂತು ಅಂದುಬಿಡಿ ಅಕ್ಕ” ಎಂದಳು ಮಗಳು. “ದಿನಾ ಯಾಕೆ ಇಬ್ಬರೂ ಸಂಕಟಪಡ್ತೀರ?”

ಮರುದಿನ ಸೂಜಿಯಕ್ಕ ಹಾಗೇ ಹೇಳಿದಳು. ಮುದುಕರು ಬೆರಳಿನಿಂದ ಮೆಟ್ಟಿಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

“ಗೆದ್ದಲು ಇಷ್ಟು ನೇರವಾಗಿ ತಿನ್ನಲ್ಲಮ್ಮ” ಅಂದರು.

ಅವಳು ನಾನೇ ಸರ್ ಎಂದು ಒಪ್ಪಿಕೊಂಡಳು. ಮತ್ತೆ ಸುಳ್ಳು ಹೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಮುದುಕರು ಹಾಸಿಗೆ ಹಿಡಿದರು. ಹೇಳುವುದು ನಿಂತಿತ್ತು. ಕೇಳುತ್ತಿದ್ದುದು ಒಂದೇ, “ಕೊನೇಲಿ ಏನಾಗುತ್ತೆ?” ಕೊನೆ ಇತ್ತು. ಪುಸ್ತಕದ ತಳ ಗಟ್ಟಿಯಿರಲೆಂದು ಕಡೆಯ ಮೂವತ್ತು ಹಾಳೆಗಳನ್ನು ಅವಳು ಕೊರೆಯದೆ, ಒಂದಕ್ಕೊಂದು ಪೂರ್ತಿ ಅಂಟಿಸಿಬಿಟ್ಟಿದ್ದಳು. ಕಥೆಯ ಕೊನೆ ಹಾಗೇ ಒಳಗಿತ್ತು, ಓದುವ ಹಾಗಿರಲಿಲ್ಲ.

ಅವಳು ಆ ಮೂವತ್ತು ಹಾಳೆಗಳ ಗಟ್ಟಿಯನ್ನು ಬೇರೆ ಮಾಡಿ ಬಿಸಿನೀರಿನ ಹಬೆಗೆ ಹಿಡಿದಳು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ತೆಳು ಚಾಕುವಿನಿಂದ ಅಂಚು ಎಬ್ಬಿಸಿದಳು. ಹಳೇ ಕಾಗದ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ನಾಲ್ಕು ದಿನ ಹೆಣಗಿದ ಮೇಲೆ ಕೈಗೆ ಬಂದದ್ದು ಒಂದೇ ಒಂದು ಹಾಳೆ. ಉಳಿದದ್ದು ಮುದ್ದೆ. ಅಣ್ಣ ಬಾಗಿಲಲ್ಲಿ ನಿಂತು ನೋಡಿದ. ಅವತ್ತು ಅವನೂ ಛೇಡಿಸಲಿಲ್ಲ.

ಹಾಳೆ ಒಣಗಿದ್ದೇ ತಡ, ಅದನ್ನು ರಟ್ಟಿನ ನಡುವೆ ಇಟ್ಟುಕೊಂಡು ಓಡಿದಳು. ಮಗಳು ಅಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸಿದಳು. ಸೂಜಿಯಕ್ಕ ಓದಿದಳು. ಆ ಹೆಂಗಸು ಬಂದರಿನ ಕಟ್ಟೆಯ ಮೇಲೆ ಕೂತು, ಒದ್ದೆ ಚಪ್ಪಲಿ ಬಿಚ್ಚಿ ಬಿಸಿಲಿಗಿಟ್ಟು, ಇವು ಒಣಗುವ ತನಕ ನಾನು ಎಲ್ಲಿಗೂ ಹೋಗಬೇಕಾಗಿಲ್ಲ ಎಂದುಕೊಂಡು ಸಮಾಧಾನಪಡುವ ಪುಟ ಅದು.

ಮುದುಕರು ಕಣ್ಣು ಮುಚ್ಚಿ ಕೇಳಿದರು. “ಚೆನ್ನಾಗಿದೆ. ಯಾರು ಬರೆದದ್ದು?”

“ನೀವೇ ಸರ್.”

“ಛೆ ಛೆ, ನನ್ನ ಕೈಲಿ ಎಲ್ಲಾಗುತ್ತೆ!” ಕಣ್ಣು ತೆರೆದು ಕೇಳಿದರು, “ಆಮೇಲೆ? ವಾಪಸ್ ಬಂದಳಾ?”

ಮಗಳು ಸೂಜಿಯಕ್ಕನ ಮುಖವನ್ನೇ ನೋಡುತ್ತಿದ್ದಳು.

“ಮುಂದಿನ ಹಾಳೆ ಹರಿದುಹೋಯ್ತು ಸರ್. ನನ್ನ ಕೈಯಿಂದಲೇ.”

“ಹೋಗ್ಲಿ ಬಿಡಿ. ಇದನ್ನೇ ಇನ್ನೊಂದ್ಸಲ ಓದಿ.”

ಓದಿದಳು. ನಾಲ್ಕನೇ ಸಲ ಓದುವಾಗ ಅವರಿಗೆ ನಿದ್ದೆ ಹತ್ತಿತ್ತು. ಐದು ದಿನಕ್ಕೆ ತೀರಿಕೊಂಡರು.

ಆ ಹಾಳೆಯನ್ನು ಮಗಳು ಇಟ್ಟುಕೊಂಡಳು. ನೋಟ್‌ಬುಕ್ ಬೇಡವೆಂದಳು. “ಅದರಲ್ಲಿ ಅಮ್ಮ ಮನೇಲೇ ಇದ್ದಾಳಲ್ಲ ಅಕ್ಕ, ನನಗೆ ಓದೋಕಾಗಲ್ಲ.”

ಆಮೇಲೆ ಸೂಜಿಯಕ್ಕ ಪುಸ್ತಕ ಕೊರೆಯುವುದನ್ನು ಬಿಟ್ಟಳು ಎಂದೇನಲ್ಲ. ಹೊಟ್ಟೆ ಕೇಳಬೇಕಲ್ಲ. ಆದರೆ ಹಳೇ ರೈಲ್ವೆ ವೇಳಾಪಟ್ಟಿ, ಕೋರ್ಟಿನ ವರದಿ, ಇಂಥವನ್ನಷ್ಟೇ ಮುಟ್ಟಿದಳು. ಮೂಟೆಯಲ್ಲಿ ಕಥೆ ಪುಸ್ತಕ ಬಂದರೆ ಆರಿಸಿ ತೆಗೆದು, ಧೂಳು ಒರೆಸಿ, ಅಣ್ಣನಿಗೇ ವಾಪಸ್ಸು ಕೊಡುತ್ತಿದ್ದಳು. ಕೊಳ್ಳುವವರಿಗಾಗಿ ಅವನು ಒಂದು ತಿಂಗಳು ಕಾಯುತ್ತಿದ್ದ. ಯಾರೂ ಬರುತ್ತಿರಲಿಲ್ಲ. ಆಮೇಲೆ ಉಳಿದ ರದ್ದಿಯ ಜೊತೆ ಅವನ್ನೂ ಲಾರಿಗೆ ಹೇರಿ, ಕಾಗದ ಅರೆಯುವ ಮಿಲ್ಲಿಗೆ ಕಳಿಸುತ್ತಿದ್ದ.