ಅಗಲವಾದ ಬೆಂಚು

"ಕುಡುಕರಿಗೆ ಮಂಚ ಮಾಡಿಕೊಟ್ಟಿದ್ದೀಯಲ್ಲೋ! ಹಾಸಿಗೆ, ದಿಂಬೂ ನೀನೇ ತಂದುಕೊಡು!" ಎಂದು ಭಾವ ಓಣಿಯ ನಡುವೆ ನಿಂತು ಕಿರುಚಿದರು.

"ದಿಂಬಿಗೆ ನಿಮ್ಮ ಹಳೇ ಖಾಕಿ ಪ್ಯಾಂಟು ಕೊಡಿ, ಹೊಲಿಸ್ತೀನಿ!" ಎಂದೆ. ನನಗೂ ಬಾಯಿದೆ.

ಭಾವ ಪೊಲೀಸ್ ಪೇದೆಯಾಗಿ ನಿವೃತ್ತರಾದವರು, ನಮ್ಮ ಬೀದಿ ಸಮಿತಿಯ ಅಧ್ಯಕ್ಷರು. ನಾನು ವೆಲ್ಡರ್. ಕಳ್ಳತನ, ಪುಂಡಾಟ ಕಡಿಮೆ ಮಾಡುವಂಥ ಕೆಲಸಕ್ಕೆ ನಗರಸಭೆ ಬೀದಿ ಸಮಿತಿಗಳಿಗೆ ಸಣ್ಣ ಅನುದಾನ ಕೊಡುತ್ತದೆ. ನಮಗೂ ಬಂತು. ಭಾವನಿಗೆ ಕ್ಯಾಮೆರಾ ಬೇಕಿತ್ತು. "ಕ್ಯಾಮೆರಾ ನೋಡುತ್ತೆ ಅಷ್ಟೆ, ಗದರಿಸುತ್ತಾ? ಈ ಓಣಿಗೆ ದೀಪ ಹಾಕಿ, ಬೆಂಚು ಹಾಕಿ, ಜನ ಬಂದು ಕೂತರೆ ಪುಂಡರು ತಾವೇ ಎದ್ದು ಹೋಗ್ತಾರೆ" ಎಂದು ನಾನು ಸಭೆಯಲ್ಲಿ ಗಂಟಲು ಹರಿದುಕೊಂಡು ಗೆದ್ದಿದ್ದೆ.

ಗೆದ್ದು ಏನು ಬಂತು? ದೀಪ ಹತ್ತಿದ ಸಂಜೆಯೇ ಸೀಟಿ ತನ್ನ ಗೆಳೆಯರೊಂದಿಗೆ ಬಂದು ಬೆಂಚಿನ ಮೇಲೆ ಉದ್ದಕ್ಕೆ ಮಲಗಿದ. ಹೋಗಿಬರುವ ಹೆಂಗಸರನ್ನು ಕಂಡರೆ ಶಿಳ್ಳೆ ಹೊಡೆಯುವ ಗಡವ, ಅದಕ್ಕೇ ಆ ಹೆಸರು. ಅದುವರೆಗೆ ಕತ್ತಲಲ್ಲಿ ನಿಂತು ಕುಡಿಯುತ್ತಿದ್ದವರು ಈಗ ಬೆಳಕಿನಲ್ಲಿ ಆರಾಮಾಗಿ ಕುಡಿಯತೊಡಗಿದರು. ತಪ್ಪು ನನ್ನದೇ. ನನಗೆ ಬೆನ್ನುನೋವು. ಕಿರಿದಾದ ಬೆಂಚು ಕಂಡರೆ ಆಗದು. ಆ ಸಿಟ್ಟಿನಲ್ಲಿ ಎಂದಿನ ಅಳತೆ ಬಿಟ್ಟು ಎರಡರಷ್ಟು ಅಗಲ ಮಾಡಿದ್ದೆ.

ನಮ್ಮ ಕೂಗಾಟಕ್ಕೆ ಓಣಿಯ ತುದಿಯ ಅಂಗಡಿಯಿಂದ ಅಕ್ಕ ಹೊರಗೆ ಬಂದಳು. ಅಲ್ಲೇ ಅವಳ ಟೈಲರಿಂಗ್. ಕುತ್ತಿಗೆಯಲ್ಲಿ ಅಳತೆಯ ಟೇಪು ತೂಗಾಡುತ್ತಿತ್ತು.

"ಇಬ್ಬರೂ ಬಾಯಿ ಮುಚ್ಚಿ. ಆ ಸೀಟಿಗೆ ಹೆದರಿ ಒಂದು ಗಿರಾಕಿಯೂ ಈ ಕಡೆ ತಲೆ ಹಾಕ್ತಿಲ್ಲ. ಈ ತಿಂಗಳು ನೋಡ್ತೀನಿ, ಆಮೇಲೆ ಅಂಗಡಿಗೆ ಬೀಗ."

ನನ್ನ ಸಿಟ್ಟು ಜರ್ರನೆ ಇಳಿಯಿತು. ಆ ಅಂಗಡಿ ಉಳಿಯಲಿ ಎಂದೇ ನಾನು ಸಭೆಯಲ್ಲಿ ಅಷ್ಟು ಹಾರಾಡಿದ್ದು.

ಅಕ್ಕ ಬೆಂಚಿನ ಮೇಲೆ ಕೈಯಾಡಿಸಿದಳು. ಟೇಪು ತೆಗೆದು ಅಡ್ಡಕ್ಕೆ ಅಳೆದಳು.

"ಲೋ, ಇದರ ಮೇಲೆ ಪರದೆ ಕತ್ತರಿಸಬಹುದಲ್ಲೋ! ಒಳಗೆ ನೆಲದ ಮೇಲೆ ಬಗ್ಗಿ ಬಗ್ಗಿ ನನ್ನ ಮಂಡಿ ಹಾಳಾಗಿದೆ."

ಮರುದಿನ ಬಿಸಿಲು ಇಳಿಯುವ ಮೊದಲೇ ಬೆಂಚಿನ ತುಂಬ ಬಟ್ಟೆ ಹರಡಿತ್ತು. ಬಟ್ಟೆ ಕಂಡಲ್ಲಿ ಹೆಂಗಸರು ನಿಲ್ಲದೆ ಇರುತ್ತಾರೆಯೇ? ಒಬ್ಬಳು ಬಣ್ಣ ಚೆನ್ನಾಗಿದೆ ಎಂದಳು, ಇನ್ನೊಬ್ಬಳು ದಿಂಬಿನ ಚೀಲಕ್ಕೆ ಅಳತೆ ಕೊಟ್ಟಳು. ಮನೆಯಿಂದ ಸ್ಟೂಲುಗಳು ಬಂದವು. ಸೀಟಿಯ ತಾಯಿಯೂ ಹರಿದ ಹೊದಿಕೆ ತಂದು ಕೂತಳು.

ದೀಪ ಹತ್ತಿತು. ಸೀಟಿ ಬಂದ.

"ಇದು ನಮ್ಮ ಜಾಗ."

ಅಕ್ಕ ತಲೆ ಎತ್ತಲಿಲ್ಲ. "ಬಾಪ್ಪಾ, ಒಳ್ಳೇ ಹೊತ್ತಿಗೆ ಬಂದೆ. ಆ ಅಂಚು ಹಿಡ್ಕೋ. ಬಿಗಿಯಾಗಿ."

ಅವನು ಹಿಡಿದುಕೊಂಡೇಬಿಟ್ಟ!

"ನೋಡ್ರೇ, ಮನೇಲಿ ಕುಡಿದ ಲೋಟ ಎತ್ತಿಡದ ಮಹಾರಾಯ," ಎಂದಳು ಅವನ ತಾಯಿ.

"ಅಮ್ಮಾ, ಸುಮ್ನಿರು."

"ಶಿಳ್ಳೆ ಬಲು ಚೆನ್ನಾಗಿ ಹೊಡೀತೀಯಂತೆ," ಎಂದಳು ದಿಂಬಿನ ಚೀಲದವಳು. "ಒಂದ್ಸಲ ಹೊಡಿ, ನಿಮ್ಮಮ್ಮನೂ ಕೇಳಲಿ."

ಗೆಳೆಯರು ನೋಡುತ್ತಿದ್ದರು. ಸೀಟಿ ತುಟಿ ಸುತ್ತಿದ. ತಾಯಿ ಕತ್ತೆತ್ತಿ ನೋಡಿದಳು. ಫೂ ಎಂದು ಗಾಳಿ ಬಂತು, ಅಷ್ಟೆ. ಹೆಂಗಸರು ನಕ್ಕ ನಗುವಿಗೆ ಎದುರು ಮನೆಯ ಕಿಟಕಿಗಳು ತೆರೆದವು. ಅವನ ಗೆಳೆಯರೂ ನಕ್ಕರು. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

"ಈಗ ಬಂದೆ," ಎಂದು ಅಂಚು ಬಿಟ್ಟು ಹೊರಟ.

"ಬೇಗ ಬಾ, ಇನ್ನೂ ಆರು ಪರದೆ ಇದೆ!" ಎಂದು ಅಕ್ಕ ಕೂಗಿದಳು.

ಬಿಟ್ಟ ಅಂಚನ್ನು ಭಾವ ಬಂದು ಹಿಡಿದರು. "ಬೆಂಚು ನನ್ನದೇ ಯೋಚನೆ," ಎಂದು ಪಕ್ಕದವಳಿಗೆ ಹೇಳುವುದು ಕಿವಿಗೆ ಬಿತ್ತು. ನನಗೆ ಮೈಯೆಲ್ಲ ಉರಿಯಿತು, ಆದರೂ ನಕ್ಕೆ.

ತಿಂಗಳ ಕೊನೆಗೆ ಅಕ್ಕನಿಗೆ ಬೀಗ ಹಾಕಲು ಪುರುಸೊತ್ತು ಸಿಗಲಿಲ್ಲ, ಅಷ್ಟು ಬಟ್ಟೆ ಬಿದ್ದಿತ್ತು. ಈಗ ಬರುತ್ತೇನೆಂದು ಹೋದ ಸೀಟಿ ಮಾತ್ರ ಆ ಓಣಿಗೆ ಮತ್ತೆ ಬರಲೇ ಇಲ್ಲ.