ವಾರ್ನಿಷ್ ದಿನ

ಅನ್ಸೆಲ್ಮ್ ಲಕೂರ್ ನಲವತ್ತು ವರ್ಷ ಪ್ಯಾರಿಸ್ಸಿನ ಉಳ್ಳವರ ಊಟದ ಕೋಣೆಗಳಿಗೆ ಹಣ್ಣು, ಹೂಜಿ, ತಾಮ್ರದ ಪಾತ್ರೆಗಳ ಚಿತ್ರ ಬರೆದುಕೊಟ್ಟವನು. ಅವನು ಬರೆದ ದ್ರಾಕ್ಷಿ ಕಂಡರೆ ಬಾಯಲ್ಲಿ ನೀರೂರುತ್ತದೆ ಎಂದು ಜನ ಹೇಳುತ್ತಿದ್ದರು. ಅವನೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವನು ಮತ್ತು ಮಗಳು ಸಿದೊನಿ. ಅವಳಿಗೆ ಕುಂಚ ಹಿಡಿಯಲು ಕಲಿಸಿದವನೂ ಅವನೇ. ಕಲಿಸಿದ್ದೇ ತಪ್ಪಾಯಿತೇನೋ ಎಂದು ಆ ಚಳಿಗಾಲದಲ್ಲಿ ಅವನಿಗೆ ದಿನಕ್ಕೊಮ್ಮೆಯಾದರೂ ಅನ್ನಿಸುತ್ತಿತ್ತು.

ಸಿದೊನಿ ಅಡುಗೆಮನೆಯ ಮೇಜಿನ ಮೇಲೆ ಮೂರು ಪೇರ್ ಹಣ್ಣು, ಒಂದು ಹೂಜಿ, ಒಂದು ಚಾಕು ಇಟ್ಟುಕೊಂಡು ಎರಡು ತಿಂಗಳು ಒಂದೇ ಚಿತ್ರಕ್ಕೆ ಜೋತುಬಿದ್ದಳು. ಹಣ್ಣು ಕೊಳೆತವು. ಎಸೆದಳು, ಬೇರೆ ತರಲಿಲ್ಲ. ಚಿತ್ರದ ಗತಿಯೂ ಅದೇ. ಮೊದಲ ವಾರ ಹಣ್ಣು ಹಣ್ಣಿನ ಹಾಗೇ ಇತ್ತು. ಆಮೇಲೆ ಬರೀ ದುಂಡಗಾಯಿತು. ಕೊನೆಗೆ ದುಂಡೂ ಹೋಗಿ ಬೂದುಬಣ್ಣದ, ಮಣ್ಣುಬಣ್ಣದ ಚೂಪು ಮೂಲೆಗಳ ತುಂಡುಗಳಷ್ಟೇ ಉಳಿದವು. ಹೂಜಿಯ ಬಾಯನ್ನು ಮೇಲಿನಿಂದ ನೋಡಿದ್ದಳು, ಹೊಟ್ಟೆಯನ್ನು ಪಕ್ಕದಿಂದ. ಅಪ್ಪ ಕಾಫಿಗೆಂದು ಬಂದಾಗ ಬಾಗಿಲಲ್ಲೇ ನಿಂತು ಓರೆಗಣ್ಣು ಹಾಯಿಸಿ ಹೋಗುತ್ತಿದ್ದ.

"ಚಿತ್ರದಲ್ಲಿ ಆ ಮೇಜು ಹಂಗೆ ವಾಲಿದ್ರೆ ಚಾಕು ಕೆಳಗೆ ಬೀಳಲ್ವೇನೇ?" ಎಂದ ಒಂದು ದಿನ.

"ಬೀಳಲ್ಲ ಅಪ್ಪ. ಅಂಟಿಸಿದೀನಿ."

"ಯಾವ್ದ್ರಿಂದ?"

"ಪಕ್ಕದ ಬಣ್ಣದಿಂದ."

ಅವನು ಕಾಫಿ ಹಿಡಿದು ಹೊರಟುಹೋದ.

ಇನ್ನೊಂದು ವಿಷಯ ಅವನ ಕಣ್ಣಿಗೆ ಚುಚ್ಚುತ್ತಿತ್ತು. ಸಿದೊನಿ ಬಣ್ಣವನ್ನು ಮೊದಲು ಒತ್ತುಕಾಗದದ ಮೇಲೆ ಹಿಂಡಿ, ಎಣ್ಣೆಯನ್ನೆಲ್ಲ ಕಾಗದ ಹೀರಿಕೊಂಡ ಮೇಲೆ ಬಳಸುತ್ತಿದ್ದಳು. ಚಿತ್ರದ ಬಟ್ಟೆಯ ಮೇಲೆ ಅದು ಸುಣ್ಣದ ಗೋಡೆಯಂತೆ ಹೊಳಪಿಲ್ಲದೆ ಒಣಗುತ್ತಿತ್ತು. ಅವನ ಕಾಲದವರಿಗೆ ಅದು ರೋಗ. ಎಣ್ಣೆ ಸಾಲದೆ ಬಣ್ಣ ಸತ್ತಿದೆ ಎನ್ನುತ್ತಿದ್ದರು. ಅದಕ್ಕೆ ಮದ್ದೂ ಇತ್ತು, ಚಿತ್ರದ ಮೇಲೆ ಹೊಳಪಿಗೆ ಬಳಿಯುವ ವಾರ್ನಿಷ್.

ಜಗಳ ಆದದ್ದು ಫೆಬ್ರವರಿಯಲ್ಲಿ. ಮನೆಗೆ ಬಂದಿದ್ದ ಅವಳ ಗೆಳೆಯರ ಮುಂದೆ, ವೈನಿನ ಎರಡನೇ ಲೋಟಕ್ಕೆ ಅವನ ನಾಲಿಗೆ ಸಡಿಲವಾಯಿತು.

"ನನ್ನ ಮಗಳು ಈಗ ಹಣ್ಣು ಬರೆಯಲ್ಲಪ್ಪ, ಇಟ್ಟಿಗೆ ಬರೀತಾಳೆ. ಪೇರ್ ಹಣ್ಣು ಕೊಯ್ಯೋಕೆ ಗಾರೆಯವನನ್ನ ಕರೆಸ್ಬೇಕು."

ಗೆಳೆಯರು ನಕ್ಕರು. ಸಿದೊನಿ ನಗಲಿಲ್ಲ. ಅವರೆಲ್ಲ ಹೋದ ಮೇಲೆ ತಟ್ಟೆ ತೊಳೆಯುತ್ತಾ ಹೇಳಿದಳು: "ಏಪ್ರಿಲ್‌ನಲ್ಲಿ ಪ್ರದರ್ಶನ ಇದೆ. ಅದು ಮುಗೀಲಿ, ನಾನು ಬೇರೆ ಕೋಣೆ ನೋಡ್ಕೋತೀನಿ."

ಅವಳು ಹೇಳಿದರೆ ಮಾಡುವವಳೇ. ಕ್ಷಮೆ ಕೇಳಬೇಕೆಂದು ಅವನು ಹತ್ತು ಸಲ ಬಾಯಿ ತೆರೆದ. ಹತ್ತು ಸಲವೂ ಹವಾಮಾನದ ಮಾತಾಡಿದ.

ಪ್ರದರ್ಶನ ನಡೆಯುವುದು ಸೇನ್ ನದಿಯ ದಂಡೆಯ ಮರದ ಶೆಡ್ಡುಗಳಲ್ಲಿ. ಅಲ್ಲಿ ಆಯ್ಕೆ ಸಮಿತಿ ಎಂಬುದಿಲ್ಲ, ಯಾರು ಬೇಕಾದರೂ ಚಿತ್ರ ತೂಗುಹಾಕಬಹುದು. ಬಾಗಿಲು ತೆರೆಯುವುದರ ಹಿಂದಿನ ದಿನ ವಾರ್ನಿಷ್ ದಿನ. ಈಗಿನವರು ಅಂದು ಹೊಸ ಟೋಪಿ ಹಾಕಿಕೊಂಡು ಹರಟಲು ಬರುತ್ತಾರೆ. ಅನ್ಸೆಲ್ಮನ ಕಾಲದಲ್ಲಿ ಏಣಿ ಹತ್ತಿ ನಿಜವಾಗಿಯೂ ವಾರ್ನಿಷ್ ಬಳಿಯುತ್ತಿದ್ದರು. ಶಿಷ್ಯನ ಮೊದಲ ಚಿತ್ರಕ್ಕಾದರೆ ಗುರುವೇ ಬಳಿಯಬೇಕು. ಅನ್ಸೆಲ್ಮನ ಮೊದಲ ಚಿತ್ರಕ್ಕೆ ಬಳಿದ ಗುರು ಬೆನ್ನು ತಟ್ಟಿ "ಇನ್ನು ನೀನೂ ನಮ್ಮವನು" ಎಂದಿದ್ದನು. ಅದಕ್ಕಿಂತ ದೊಡ್ಡ ಮಾತನ್ನು ಅವನಿಗೆ ಆಮೇಲೆ ಯಾರೂ ಆಡಿರಲಿಲ್ಲ.

ಆ ಬೆಳಿಗ್ಗೆ ಅವನು ಮಗಳಿಗಿಂತ ಮೊದಲೇ ಎದ್ದು, ವಾರ್ನಿಷ್ ಸೀಸೆಯನ್ನೂ ಅಗಲ ಕುಂಚವನ್ನೂ ಕೋಟಿನಲ್ಲಿಟ್ಟುಕೊಂಡು ಹೊರಟ. ಶೆಡ್ಡಿನಲ್ಲಿ ಕಾವಲುಗಾರನನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಇಷ್ಟು ಬೇಗ ಬಂದ್ರಲ್ಲ ಯಜಮಾನ್ರೇ!"

"ಮಗಳ ಚಿತ್ರ ಇದೆ," ಎಂದ.

ಚಿತ್ರವನ್ನು ಕೆಳಗಿಳಿಸಿದ. ಚೌಕಟ್ಟು ಬಿಚ್ಚುವಷ್ಟು ವ್ಯವಧಾನವಿರಲಿಲ್ಲ. ತೆಳುವಾಗಿ, ನಲವತ್ತು ವರ್ಷ ಪಳಗಿದ ಕೈಯಿಂದ, ಮೇಲಿನಿಂದ ಕೆಳಕ್ಕೆ ಬಳಿದ. ಕುಂಚ ಹೋದಲ್ಲೆಲ್ಲ ಬಣ್ಣ ಕಣ್ಣುಬಿಟ್ಟಿತು. ಬೂದು ಕಪ್ಪಾಯಿತು, ಮಣ್ಣುಬಣ್ಣ ಜೇನುತುಪ್ಪವಾಯಿತು, ನೆರಳುಗಳು ಹಿಂದಕ್ಕೆ ಸರಿದು ಹೂಜಿಗೆ ಒಂದು ಹೊಟ್ಟೆ ಬಂತು. ಅವನಿಗೆ ಅಳುವೇ ಬಂತು. ಅಯ್ಯೋ, ಹುಡುಗಿಗೆ ಎಲ್ಲ ಬರುತ್ತದೆ, ಎಣ್ಣೆಯೊಂದು ಕಡಿಮೆಯಾಗಿತ್ತು ಅಷ್ಟೇ.

ಸಿದೊನಿ ಬಂದಾಗ ಹತ್ತು ಗಂಟೆ. ಅಪ್ಪನನ್ನು ನೋಡಿದಳು, ಸೀಸೆ ನೋಡಿದಳು, ಚಿತ್ರ ನೋಡಿದಳು. ಕೂಗಾಡಲಿಲ್ಲ.

"ಈಗ ಚೆನ್ನಾಗಿದ್ಯಾ ಅಪ್ಪ?"

"ಈಗ ಪೇರ್ ಹಣ್ಣು ಅಂತ ಗೊತ್ತಾಗುತ್ತೆ ಕಣೇ! ಆ ನೆರಳು ಎಷ್ಟು ಒಳಕ್ಕೆ ಹೋಗಿದೆ ನೋಡು."

"ಅದು ಒಳಕ್ಕೆ ಹೋಗ್ಬಾರ್ದು ಅಂತಲೇ ಎರಡು ತಿಂಗಳು ಕೂತಿದ್ದೆ." ಅವಳು ನೆಲದ ಮೇಲೆ ಕುಳಿತುಕೊಂಡಳು. "ಟರ್ಪೆಂಟೈನಲ್ಲಿ ತೊಳೆದ್ರೆ ಹೋಗುತ್ತಾ?"

ಸುಳ್ಳು ಹೇಳಬಹುದಿತ್ತು. ಈ ವಿದ್ಯೆಯಲ್ಲಿ ಮಾತ್ರ ಅವನಿಗೆ ಸುಳ್ಳು ಬರುತ್ತಿರಲಿಲ್ಲ. "ವಾರ್ನಿಷ್ ಹೋಗುತ್ತೆ. ಬಣ್ಣ ಮೇಲೆ ಒಣಗಿದ್ರೂ ಒಳಗೆ ಹಸಿ, ಅದೂ ಜೊತೆಗೇ ಹೋಗುತ್ತೆ."

ಅವಳು ತಲೆಯಾಡಿಸಿದಳು. ಚಿತ್ರವನ್ನು ಬೋರಲು ಹಾಕಿ, ಮೊಳೆ ಸರಿಸಿ ಚೌಕಟ್ಟು ಬಿಚ್ಚಿ, ಮತ್ತೆ ಅಂಗಾತ ತಿರುಗಿಸಿದಳು. ಅಂಚಿಗೆ ವಾರ್ನಿಷ್ ಇಳಿದಿದ್ದರೆ ಚೌಕಟ್ಟಿಗೇ ಅಂಟಿಕೊಳ್ಳುತ್ತದೆ ಎಂದು ಒರೆಸಲು ಹೊರಟಿದ್ದಳು. ಅಲ್ಲಿಗೆ ಇಳಿದಿರಲಿಲ್ಲ. ಚೌಕಟ್ಟಿನ ಮರೆಯಲ್ಲಿದ್ದ ಬೆರಳಗಲ ಜಾಗ ನಾಲ್ಕೂ ಕಡೆ ಹಾಗೇ ಉಳಿದಿತ್ತು.

ಅನ್ಸೆಲ್ಮ್ ಮಂಡಿಯೂರಿದ. ಕೆಳಗಿನ ಪಟ್ಟಿಯಲ್ಲಿ ಮೇಜಿನ ಅಂಚು ಇತ್ತು, ಚಾಕುವಿನ ಹಿಡಿಯ ತುದಿಯೂ ಇತ್ತು. ತಿಳಿಬೂದು, ಒಣ ಬಣ್ಣ. ಅದು ಹಿಂದಕ್ಕೆ ಹೋಗುತ್ತಿರಲಿಲ್ಲ. ಬಟ್ಟೆಯಿಂದ ಎದ್ದು ಅವನ ಕಡೆಗೇ ಬರುತ್ತಿತ್ತು, ಕೈ ಚಾಚಿದರೆ ಬೆರಳಿಗೆ ತಾಗುವಷ್ಟು. ನಲವತ್ತು ವರ್ಷದಲ್ಲಿ ಅವನು ಬರೆದ ಒಂದು ಚಾಕುವೂ ಹಾಗೆ ಎದುರಿಗೆ ಬಂದಿರಲಿಲ್ಲ.

"ಇಡೀದು ಹಿಂಗೇ ಇತ್ತೇನೇ?"

"ಹಿಂಗೇ ಇತ್ತು."

ಹೊರಗೆ ಗಾಡಿಗಳ ಸದ್ದು, ಹೆಂಗಸರ ನಗು ಕೇಳಿಸಿತು. ಸಿದೊನಿ ಎದ್ದು ಲಂಗ ಕೊಡವಿಕೊಂಡು ಚೌಕಟ್ಟಿಗೆ ಕೈಹಾಕಿದಳು. "ಏಳಪ್ಪ, ಜನ ಬರ್ತಿದಾರೆ. ತೂಗುಹಾಕೋಣ."

"ತಡಿಯೇ," ಎಂದ ಅವನು ಕತ್ತೆತ್ತದೆ. "ನಾನಿನ್ನೂ ನೋಡ್ತಾ ಇದೀನಿ."